ಅಜ್ಜಿ ಒಪ್ಪದ ಪ್ಲಾಸ್ಟಿಕ್ ಪೈಪು

ಇಪ್ಪತ್ತು ವರ್ಷದಿಂದ ಯಲಹಂಕದ ಸುತ್ತಮುತ್ತ ಪ್ಲಂಬಿಂಗ್ ಕೆಲಸ ಮಾಡ್ಕೊಂಡಿದ್ದೀನಿ. ಮನೆ ಕಟ್ಟೋ ಜಾಗದಲ್ಲಿ ಮರಳು ಸಿಗದ ದಿನ ಉಂಟು, ಸಿಮೆಂಟ್ ಸಿಗದ ದಿನ ಉಂಟು, ನಗೋಕೆ ಏನೂ ಸಿಗದ ದಿನ ಮಾತ್ರ ನಾನು ಕಂಡಿಲ್ಲ. ಪುಟ್ಟೇನಹಳ್ಳಿಯ ಒಂದೇ ಮನೇಲಿ ಆಗಿದ್ದನ್ನ ಹೇಳ್ತೀನಿ, ಕೇಳಿ.

೧. ಪುದೀನ

ಯಜಮಾನರು ಆ ಊರಿನ ಹಳೇ ಕುಳ. ಹಳೇ ಮನೆ ಪಕ್ಕದಲ್ಲೇ ಎರಡು ಸೈಟು. ಒಂದರಲ್ಲಿ ತಮಗೊಂದು ಹೊಸ ಮನೆ, ಅದು ಮುಗಿದ ಮೇಲೆ ಇನ್ನೊಂದರಲ್ಲಿ ಬಾಡಿಗೆಗೆ ನಾಲ್ಕು ಮಹಡಿ. ನನ್ನ ಕಣ್ಣೆಲ್ಲ ಆ ನಾಲ್ಕು ಮಹಡಿ ಮೇಲೆ. ಅದೊಂದು ಸಿಕ್ಕಿಬಿಟ್ರೆ ವರ್ಷಪೂರ್ತಿ ಕೆಲಸ ಹುಡುಕೋ ತಾಪತ್ರಯ ಇಲ್ಲ. ಆದರೆ ಆ ಮನೇಲಿ ಕೊನೇ ಮಾತು ಯಜಮಾನರ ತಾಯಿದು.

ಕೊಳಚೆ ನೀರಿನ ಪೈಪು ತಂದು ಇಳಿಸಿದ ದಿನವೇ ಅಜ್ಜಿ ಬಂದು ಊರುಗೋಲಲ್ಲಿ ಕುಟ್ಟಿ ನೋಡಿದರು.

"ಏನ್ಲಾ ಇದು, ಪ್ಲಾಸ್ಟಿಕ್ಕು! ಒಂದಿನಕ್ಕೆ ಇಲಿ ತಿಂದಾಕ್ತದೆ. ನಮ್ ಕಾಲ್ದಾಗೆ ಕಬ್ಬಿಣದ್ ಪೈಪು ಆಕ್ತಿದ್ರು."

"ಅಜ್ಜಿ, ಕಬ್ಬಿಣ ತುಕ್ಕು ಹಿಡಿಯತ್ತೆ. ಇದು ಹಿಡಿಯಲ್ಲ."

"ಆಗ್ಲಿ. ಗೃಹಪ್ರವೇಶದ್ ದಿನ ಒಂದೇ ಒಂದ್ ಅನಿ ಸೋರ್ಲಿ, ಪಕ್ಕದ್ ಸೈಟ್ ಕೆಲ್ಸಕ್ಕೆ ಬೇರೆಯವನ್ನ ಕರೀತೀನಿ."

ಮಾರನೇ ದಿನ ಬಂದು ನೋಡ್ತೀನಿ, ಎರಡಡಿ ಪೈಪ್ ತುಂಡೊಂದು ಕಾಣೆ. ಹುಡುಕಿದ್ರೆ ಹಳೇ ಮನೆ ಹಿತ್ತಲಲ್ಲಿ ನಿಂತಿತ್ತು. ಅಜ್ಜಿ ಅದಕ್ಕೆ ಮಣ್ಣು ತುಂಬಿ ಪುದೀನ ನೆಟ್ಟಿದ್ದರು.

"ಇಲಿ ತಿನ್ನಲ್ವಾ ಅಜ್ಜಿ?" ಅಂದೆ.

"ಮಣ್ಣಿನ ಕುಂಡ ಆದ್ರೆ ಒಡೆದೋಗ್ತದೆ ಕಣ್ಲಾ. ಇದು ಗಟ್ಟಿ."

೨. ಪ್ರದಕ್ಷಿಣೆ

ಆಮೇಲೆ ವಾಸ್ತು ಹೇಳೋರೊಬ್ಬರು ಬಂದರು. ದಿಕ್ಸೂಚಿ ಹಿಡಿದು ಎರಡು ಸುತ್ತು ಹಾಕಿ, "ಮನೆ ನೀರು ಈಶಾನ್ಯಕ್ಕೇ ಹೋಗಬೇಕು" ಅಂದುಬಿಟ್ಟರು. ರಸ್ತೆ ಚರಂಡಿ ಇರೋದು ನೈಋತ್ಯದಲ್ಲಿ!

"ಸ್ವಾಮಿ, ನೀರಿಗೆ ದಿಕ್ಕು ಗೊತ್ತಾಗಲ್ಲ, ಇಳಿಜಾರು ಅಷ್ಟೇ ಗೊತ್ತಾಗೋದು" ಅಂತ ಬೇಡಿಕೊಂಡೆ. ಅವರು ಜಗ್ಗಲಿಲ್ಲ. ಯಜಮಾನರು ಅವರ ಮುಖ ನೋಡಿದರು, ನನ್ನ ಮುಖ ನೋಡಿದರು. ಅಜ್ಜಿ ಮುಖ ನೋಡೋ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಕೊನೆಗೆ ರಾಜಿ ಆಯ್ತು. ಪೈಪು ಮೊದಲು ಈಶಾನ್ಯದ ಮೂಲೆಗೆ ಹೋಗಿ, ಅಲ್ಲಿಂದ ತಿರುಗಿ, ಕಾಂಪೌಂಡ್ ಉದ್ದಕ್ಕೂ ಬಂದು ಚರಂಡಿ ಸೇರೋದು. ಇಳಿಜಾರು ಸರಿಮಾಡೋಕೆ ಎರಡು ದಿನ ಹೆಚ್ಚಿಗೆ ಅಗೆದೆ. ಇವತ್ತಿಗೂ ಅವರ ಮನೆ ಬಚ್ಚಲ ನೀರು ಪ್ರದಕ್ಷಿಣೆ ಹಾಕಿಯೇ ಬೀದಿಗಿಳಿಯೋದು. ಮನೆಯವರು ಯಾರೂ ಅಷ್ಟು ಭಕ್ತಿಯಿಂದ ಹಾಕಿದ್ದು ನಾನು ನೋಡಿಲ್ಲ.

೩. ಹಸಿರು ಸೀರೆ

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಕಟ್ಟಡ ಮುಗಿಯೋವರೆಗೂ ಪೈಪ್ ಬಾಯಿಗೆ ಖಾಲಿ ಸಿಮೆಂಟ್ ಚೀಲ ತುರುಕ್ತೀವಿ. ಇಲ್ಲಾಂದ್ರೆ ಗಾರೆಯವರು ಒಳಗೆ ಕಲ್ಲು, ಮಣ್ಣು ಎಲ್ಲ ಬೀಳಿಸಿಬಿಡ್ತಾರೆ. ಅಜ್ಜಿ ದಿನಾ ಕೂತು ನೋಡೋರು.

"ಇಂಗ್ ಮುಚ್ಚಿದ್ರೆ ಇಲೀನೂ ಒಳಕ್ ಓಗಾಕಿಲ್ವಾ?"

"ಇಲೀನೂ ಹೋಗಲ್ಲ ಅಜ್ಜಿ" ಅಂದಿದ್ದೆ. ಅಷ್ಟೇ ನಾನು ಮಾಡಿದ ತಪ್ಪು.

ಕೆಲಸ ಮುಗಿದ ಮೇಲೆ ಚೀಲ ಎಲ್ಲ ತೆಗೆದು ನೀರು ಬಿಟ್ಟು ನೋಡಿದೆ, ಸರಾಗವಾಗಿ ಹೋಯ್ತು. ಎಂಟು ದಿನಕ್ಕೆ ಗೃಹಪ್ರವೇಶ. ಹಸು ಹೊಸ ಮನೆ ಒಳಗೆ ಬಂತು, ಗಂಜಲ ಹುಯ್ತು, ಎಲ್ಲರೂ ಶುಭ ಶುಭ ಅಂದರು. ಪೂಜೆ ಮುಗಿದ ಮೇಲೆ ಹೆಂಗಸರು ಬಕೆಟ್ ಬಕೆಟ್ ನೀರು ಹಾಕಿ ತೊಳೆದರು. ನೀರೆಲ್ಲ ಬಚ್ಚಲಿಗೆ ಹೋಯ್ತು. ಹೋಗಿ ಅಲ್ಲೇ ನಿಂತುಕೊಂಡ್ತು!

ನೆಂಟರೆಲ್ಲ ನನ್ನನ್ನೇ ನೋಡಿದರು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು, "ನಾನ್ ಏಳ್ಲಿಲ್ವಾ?" ಅಂದರು. ನಾಲ್ಕು ಮಹಡಿ ಕೈತಪ್ಪಿ ಹೋಯ್ತಲ್ಲಪ್ಪ ಅಂತ ಅಳು ಬಂದಂಗಾಯ್ತು.

ಹೊರಗೆ ಓಡಿ, ಪೈಪು ಚರಂಡಿ ಸೇರೋ ಕಡೆ ಇರೋ ಚೇಂಬರ್ ಗುಂಡಿಯ ಮುಚ್ಚಳ ತೆಗೆದೆ. ಪೈಪ್ ಬಾಯಲ್ಲಿ ಏನೋ ಬಿರಡೆ ಬಿಗಿದಂಗಿತ್ತು. ಕೈಹಾಕಿ ಎಳೆದೆ. ಬಂತು, ಬಂತು, ಬರ್ತಾನೇ ಇತ್ತು. ಹಸಿರು ಸೀರೆ! ಹಿಂದೆಯೇ ನೀರು ಭೋರ್ ಅಂತ ನುಗ್ಗಿ ನನ್ನ ಹೊಸ ಪ್ಯಾಂಟು ತೋಯಿಸಿಬಿಡ್ತು.

"ಇಲಿ ಬಂದೀತು ಅಂತ ನಾನೇ ತುರುಕಿದ್ದೆ" ಅಂದರು ಅಜ್ಜಿ, ಮೆಲ್ಲಗೆ.

ನಾನು ಬಿಡ್ತೀನಾ? "ಅಜ್ಜಿ, ಇದೇ ನಮ್ಮ ಟೆಸ್ಟು ಕಣ್ರೀ! ಕೆಳಗೆ ಮುಚ್ಚಿ ಪೈಪ್ ತುಂಬ ನೀರು ನಿಲ್ಲಿಸಿದ್ದೀರಿ. ಒಂದು ಜಾಯಿಂಟ್‌ನಲ್ಲಾದ್ರೂ ಒಂದು ಹನಿ ಸೋರಿದ್ರೆ ತೋರಿಸಿ!"

ಅಜ್ಜಿ ಕೋಲು ಊರಿಕೊಂಡು ಕಾಂಪೌಂಡ್ ಉದ್ದಕ್ಕೂ ಹೋಗಿ ನೋಡಿ ಬಂದರು. ಎಲ್ಲೂ ನೆಲ ಒದ್ದೆಯಾಗಿಲ್ಲ. ಬಾಯಿ ತೆರೆದು ಏನೋ ಹೇಳಬೇಕು ಅನ್ನುವಷ್ಟರಲ್ಲಿ ಸೊಸೆ ಹತ್ತಿರ ಬಂದು ಸೀರೆಯ ಸೆರಗು ಬಿಡಿಸಿ ನೋಡಿದರು.

"ಅತ್ತೇ! ಇದು ನನ್ನ ತವರಿನ ಸೀರೆ! ಎಂಟು ದಿನದಿಂದ ಹುಡುಕ್ತಿದ್ದೀನಿ!"

ಅಜ್ಜಿ ಗಕ್ಕನೆ ಮಗನ ಕಡೆ ತಿರುಗಿದರು. "ಲೋ, ಪಕ್ಕದ್ ಸೈಟ್ ಕೆಲ್ಸಾನೂ ಇವನಿಗೇ ಕೊಡೋ. ಬಲೇ ಚೆನ್ನಾಗ್ ಮಾಡವ್ನೆ. ಈಗ ಎಲ್ರೂ ಊಟಕ್ಕೆ ನಡೀರಿ, ನಡೀರಿ!"

ಈಗ ಪಕ್ಕದ ಸೈಟಲ್ಲಿ ಮೂರನೇ ಮಹಡಿ ಪೈಪು ಎಳೀತಿದ್ದೀನಿ, ಅಜ್ಜಿ ಕಳಿಸೋ ಪುದೀನ ಚಟ್ನಿ ತಿಂದುಕೊಂಡು ಹಾಯಾಗಿದ್ದೀನಿ. ಸೊಸೆ ಮಾತ್ರ, ನಾನು ಪೈಪಿನ ಬಾಯಿ ಮುಚ್ಚೋಕೆ ಶುರುಮಾಡಿದ್ದು ಕಂಡರೆ ಸಾಕು, ಒಳಗೆ ಓಡಿಹೋಗಿ ಬೀರುಗೆ ಬೀಗ ಹಾಕ್ತಾರೆ.