ದೊಡ್ಡಪ್ಪನ ಅಕಾರ್ಡಿಯನ್ ಅತ್ತೆ

ನಮ್ಮ ದೊಡ್ಡಪ್ಪ ಇಪ್ಪತ್ತಾರು ವರ್ಷಗಳಿಂದ ವೇದಿಕೆಯ ಮೇಲೆ ಒಂದೇ ಒಂದು ಮಾತು ಆಡಿಲ್ಲ. ಆದರೂ ಮಲೇಷ್ಯಾದ ಪೆಟಾಲಿಂಗ್ ಜಯಾದ ಕನ್ನಡಿಗರಲ್ಲಿ ಅವರಷ್ಟು ಬಾಯಿಬಡುಕರು ಇನ್ನೊಬ್ಬರಿಲ್ಲ! ಅವರ ಬಾಯಿ ಇರುವುದು ಎದೆಗೆ ತೂಗುಹಾಕಿಕೊಂಡ ಅಕಾರ್ಡಿಯನ್ನಿನಲ್ಲಿ. ಸ್ವಾಗತ ಭಾಷಣ ಉದ್ದವಾದರೆ ಅದು ಆಕಳಿಸುತ್ತದೆ. ಏಳನೇ ಕ್ಲಾಸಿನಿಂದ ಬರೆಯುತ್ತಿರುವ ನನ್ನ ಡೈರಿಯಲ್ಲಿ ಇಂಥ ಹನ್ನೊಂದು ಆಕಳಿಕೆಗಳು ತಾರೀಖಿನ ಸಮೇತ ದಾಖಲಾಗಿವೆ. ಒಂಬತ್ತು ಭಾಷಣಗಳು ಅಲ್ಲಿಗೇ ಮುಗಿದವು. ಉಳಿದಿಬ್ಬರು ಭಾಷಣಕಾರರು ಅದನ್ನು ಮೆಚ್ಚುಗೆಯೆಂದು ತಿಳಿದು ಮುಂದುವರಿಸಿದರು.

ದೊಡ್ಡಪ್ಪನದು ನಾಲ್ವರ ಹಾಸ್ಯ ಜನಪದ ತಂಡ. ಅದು ಹೆಸರು ಮಾಡಿದ್ದು ಅತ್ತೆ-ಸೊಸೆ ಜಗಳದ ಹಾಡಿನಿಂದ. ಸೊಸೆಯಾಗಿ ಹಾಡುವವರು ದೊಡ್ಡಮ್ಮ. ಅತ್ತೆಗೆ ಸಾಹಿತ್ಯವೇ ಇಲ್ಲ. ಸೊಸೆಯ ಪ್ರತಿ ದೂರಿಗೂ ಅಕಾರ್ಡಿಯನ್ನೇ ಉತ್ತರ. ಮಾತಿಲ್ಲದ ಬೈಗುಳಕ್ಕೆ ಜನ ಹೇಗೆ ನಗುತ್ತಾರೆ? ನನಗೆ ತಡೆಯಲಾಗಲಿಲ್ಲ. "ಸಾರಿಗೆ ಉಪ್ಪು ಸರಿಯಾಗಿದೆಯಾ?" ಎಂದು ಸೊಸೆ ಕೇಳಿದಾಗ ಅತ್ತೆ ಹೇಳಿದ್ದೇನೆಂದು ಎಂಟು ಹೆಂಗಸರನ್ನು ವಿಚಾರಿಸಿದೆ. ಎಂಟು ಬೇರೆ ಬೇರೆ ಉತ್ತರ! ಕನ್ನಡವೇ ಬಾರದ ಪಕ್ಕದ ಮನೆಯ ತಮಿಳು ಆಂಟಿಯೂ ಕಣ್ಣೊರೆಸಿಕೊಂಡು, "ಅಯ್ಯೋ, ಅದು ನಮ್ಮ ಮಾಮಿಯಾರೇ ಲಾ!" ಎಂದು ತಮ್ಮ ಅತ್ತೆಯನ್ನೇ ಗುರುತಿಸಿದರು.

ಈ ವರ್ಷ ದೊಡ್ಡಪ್ಪನ ಎಡಭುಜ ಬಿಗಿದುಕೊಂಡಿತು. ಅಕಾರ್ಡಿಯನ್ನಿನ ಗಾಳಿ ಎಳೆಯುವುದು ಎಡಗೈಯ ಕೆಲಸ; ಆ ಕೈ ಒಂದು ಗೇಣಿಗಿಂತ ಹೆಚ್ಚು ಚಾಚದು. ದೀಪಾವಳಿ ಕಾರ್ಯಕ್ರಮದಲ್ಲಿ ಅವರು ನುಡಿಸುತ್ತಾರೋ ಇಲ್ಲವೋ ಎಂಬುದೇ ಎಲ್ಲರ ಚಿಂತೆಯಾಯಿತು. ತಂಡದಲ್ಲಿ ಢೋಲಕ್ ಬಾರಿಸುವ ಉಡುಪಿಯ ಡಾಕ್ಟರು ದಾರಿ ಹುಡುಕಿದರು. "ನಿಮ್ಮ ಹಳೇ ರೆಕಾರ್ಡಿಂಗ್ ಉಂಟಲ್ಲ ಮಾರಾಯ್ರೆ, ಫೋನಿಂದ ಹಾಕುವ. ನೀವು ಆರಾಮಲ್ಲಿ ಕೂತು ನೋಡಿ."

ದೊಡ್ಡಪ್ಪ ಒಪ್ಪಿ ತಲೆಯಾಡಿಸಿದರು. ಮನೆಗೆ ಬಂದೊಡನೆ ಅಕಾರ್ಡಿಯನ್ ಯಾರಿಗಾದರೂ ಬೇಕೇ ಎಂದು ವಿಚಾರಿಸತೊಡಗಿದರು. ಆದರೆ ಕಾರ್ಯಕ್ರಮದ ದಿನ ದೊಡ್ಡಮ್ಮ, "ಸ್ಟೇಜ್ ಮೇಲೆ ಅಲಂಕಾರಕ್ಕಿರ್ಲಿ" ಎಂದು ಅದನ್ನು ಕಾರಿಗೆ ಹಾಕಿಸಿದರು.

ಹಾಡು ಶುರುವಾಯಿತು. ಜನ ನಕ್ಕು ಮುಗಿಸುವವರೆಗೆ ದೊಡ್ಡಮ್ಮ ಕಾದರು, ಫೋನು ಕಾಯಲಿಲ್ಲ. ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಬೈದಳು, ಬೈಯಬೇಕಾದಾಗ ತೆಪ್ಪಗಿದ್ದಳು. ನನ್ನ ಲೆಕ್ಕದಲ್ಲಿ ನಾಲ್ಕು ಸಲ. ಐದನೆಯ ಸಲ ದೊಡ್ಡಮ್ಮ ಹಾಡು ನಿಲ್ಲಿಸಿ, ಮುಂದಿನ ಸಾಲಿನಲ್ಲಿದ್ದ ದೊಡ್ಡಪ್ಪನಿಗೆ ಮೈಕಿನಲ್ಲೇ ಹೇಳಿದರು:

"ರೀ, ಈ ಅತ್ತೆ ಜೊತೆ ನನ್ ಕೈಲಿ ಸಂಸಾರ ಮಾಡಕ್ಕಾಗಲ್ಲ. ಬನ್ನಿ ಮೇಲೆ!"

"ಕೈ ಏಳಲ್ವಲ್ಲೇ."

"ಬಲಗೈ ಇದೆಯಲ್ಲ? ಎಡಗೈ ಕೆಲಸ ನಂದು."

ಎರಡು ಕುರ್ಚಿ ಒತ್ತೊತ್ತಾಗಿ ಹಾಕಿದರು. ಅಕಾರ್ಡಿಯನ್ ದೊಡ್ಡಪ್ಪನ ಎದೆಯ ಮೇಲೆ. ಅದರ ಎಡಗಡೆಯ ಪಟ್ಟಿಯೊಳಗೆ ದೊಡ್ಡಮ್ಮನ ಕೈ. ಮೊದಲ ಎಳೆತಕ್ಕೆ ಅತ್ತೆ ಕೆಮ್ಮಿದಳು, ಸಭೆ ಬಿದ್ದು ಬಿದ್ದು ನಕ್ಕಿತು. ಆಮೇಲೆ ಸೊಸೆ ದೂರಿದಳು, ತಾನೇ ಗಾಳಿ ಎಳೆದಳು, ತಾನೇ ಬೈಸಿಕೊಂಡಳು! ಜಗಳ ತಾರಕಕ್ಕೇರಿದಾಗ ಹಿಂದಿನಿಂದ ಯಾರೋ ಕೂಗಿದರು: "ಕೈ ಬಿಟ್ಬಿಡಿ ಮೇಡಂ, ಅತ್ತೆ ಬಾಯಿ ಮುಚ್ಚತ್ತೆ!"

ದೊಡ್ಡಮ್ಮ ಒಂದು ಕ್ಷಣ ದೊಡ್ಡಪ್ಪನ ಮುಖ ನೋಡಿದರು. ಆಮೇಲೆ ತೋಳು ಎಷ್ಟು ಚಾಚುತ್ತದೋ ಅಷ್ಟೂ ಚಾಚಿ ಗಾಳಿ ಎಳೆದುಕೊಟ್ಟರು.