ಗುಂಗುರು ಕೂದಲಿಗೆ ಗೋರಂಟಿ: ಒಂದು ಸ್ಪಷ್ಟನೆ

ಪತ್ರಿಕೆಯಲ್ಲಿ ಕೆಲಸ ಮಾಡುವವರಿಗೆ ಗಾಬರಿ ಎನ್ನುವುದು ಬೇರೆಯವರಿಗೆ ಆಗುವಂಥದ್ದು. ಹೊಳೆ ಉಕ್ಕಿ ಸೇತುವೆ ಮುಳುಗಿದೆ ಎಂದು ಯಾರಾದರೂ ಏದುಸಿರು ಬಿಡುತ್ತಾ ಫೋನ್ ಮಾಡಿದರೆ, ‘ಎಷ್ಟು ಹೊತ್ತಿಗೆ? ನೀವೇ ನೋಡಿದಿರಾ? ಬೇರೆ ಯಾರು ನೋಡಿದರು?’ ಎಂದು ಕೇಳಿ ಬರೆದುಕೊಳ್ಳುತ್ತೇವೆ. ತೊಂಬತ್ತರ ದಶಕದಲ್ಲಿ ಹಾಸನದ ಪತ್ರಿಕೆಯೊಂದರ ಸುದ್ದಿ ವಿಭಾಗ ನೋಡಿಕೊಳ್ಳುತ್ತಿದ್ದ ನನಗೆ ‘ತಣ್ಣನೆಯ ಮನುಷ್ಯ’ ಎಂಬ ಹೆಸರಿತ್ತು. ಆ ಹೆಸರು ಇಟ್ಟವರು ಮನೆಯವರಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಗಳ ತಲೆಗೆ ಗೋರಂಟಿ ಹಚ್ಚಿದ ಆ ಬೇಸಿಗೆಯಲ್ಲಿ ನನ್ನನ್ನು ನೋಡಿದ್ದರೆ ಕಚೇರಿಯವರೂ ಅದನ್ನು ವಾಪಸು ಪಡೆಯುತ್ತಿದ್ದರು.

ಮಾಲಿನಿಗೆ ಆಗ ಹತ್ತು ವರ್ಷ. ಕಣ್ಣು, ಬಣ್ಣ, ಲೆಕ್ಕದ ಬುದ್ಧಿ ಎಲ್ಲವೂ ಅವಳ ತಾಯಿಯದು. ಕೂದಲು ಮಾತ್ರ ನನ್ನದು. ನನ್ನದೆಂದರೆ ಗುಂಗುರು. ಒಳಗೆ ಹೋದ ಬಾಚಣಿಗೆ ಒಂದೆರಡು ಹಲ್ಲು ಬಿಟ್ಟೇ ಹೊರಗೆ ಬರಬೇಕು. ತಲೆಗೆ ನೀರು ಹಾಕಿದಾಗ ಸೊಂಟ ಮುಟ್ಟುವ ಅವಳ ಕೂದಲು, ಒಣಗುತ್ತಾ ಒಣಗುತ್ತಾ ಮೇಲೆ ಸರಿದು ಭುಜದ ಹತ್ತಿರ ಮುದುರಿ ಕೂರುತ್ತಿತ್ತು. ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಹೊಳೆನರಸೀಪುರದಲ್ಲಿರುವ ನನ್ನ ಅತ್ತೆಯ ಮನೆಯ ನಡುಮನೆಯಲ್ಲಿ ಮೊಗ್ಗಿನ ಜಡೆಯ ಫೋಟೋಗಳ ಒಂದು ಸಾಲಿದೆ. ಆ ಮನೆಯ ಹೆಣ್ಣುಮಕ್ಕಳಿಗೆ ಬೇಸಿಗೆಯಲ್ಲಿ ಮಲ್ಲಿಗೆ ಮೊಗ್ಗಿನ ಜಡೆ ಹಾಕಿ, ಸ್ಟುಡಿಯೋದಲ್ಲಿ ಬೆನ್ನ ಹಿಂದೆ ಕನ್ನಡಿ ನಿಲ್ಲಿಸಿ, ಮುಖವೂ ಜಡೆಯೂ ಒಟ್ಟಿಗೆ ಬರುವಂತೆ ಫೋಟೋ ತೆಗೆಸುವುದು ವಾಡಿಕೆ. ಅತ್ತೆ, ಅವರ ತಂಗಿ, ನನ್ನ ಹೆಂಡತಿ ಶಾರದೆ ಎಲ್ಲರೂ ಗೋಡೆಯ ಮೇಲಿದ್ದಾರೆ. ಶಾರದೆಯ ಜಡೆ ಸ್ಟೂಲಿನ ಕೆಳಗಿನವರೆಗೂ ಇಳಿದಿದೆ. ಹೆಣ್ಣು ನೋಡಲು ಹೋದ ದಿನ ನಾನು ಹೆಣ್ಣಿಗಿಂತ ಹೆಚ್ಚು ಹೊತ್ತು ಆ ಫೋಟೋವನ್ನೇ ನೋಡುತ್ತಿದ್ದೆ ಎಂದು ನಮ್ಮಣ್ಣ ಇಂದಿಗೂ ಆಡಿಕೊಳ್ಳುತ್ತಾನೆ. ಸಾಲಿನ ಕೊನೆಯಲ್ಲಿ ಒಂದು ಖಾಲಿ ಮೊಳೆ ಇತ್ತು. ಅದು ಮಾಲಿನಿಗೆ ಮೀಸಲು.

ಒಂದು ಉಪನಯನದ ಊಟದಲ್ಲಿ, ಪಕ್ಕದ ಎಲೆಗೆ ಕೂತಿದ್ದ ಹೆಂಗಸೊಬ್ಬರು ಅವಳ ತಲೆ ಸವರಿ, ‘ಅಯ್ಯೋ, ಈ ಗುಂಗುರಿಗೆ ಮೊಗ್ಗಿನ ಜಡೆ ಎಲ್ಲಿ ಬರುತ್ತೆ ಮಗು? ಹಾಕಿದರೂ ಗಿಡ್ಡ ಬದನೆಕಾಯಿ ಹಾಗೆ ಕಾಣುತ್ತೆ ಅಷ್ಟೇ’ ಎಂದರು. ಮಾಲಿನಿ ಪಾಯಸ ಬಿಟ್ಟು ಎದ್ದಳು. ಮನೆಗೆ ಬಂದು ಒಂದೇ ಪ್ರಶ್ನೆ ಕೇಳಿದಳು: ‘ಅಪ್ಪಾ, ಹಾಗಾದ್ರೆ ಆ ಮೊಳೆಗೆ ಕ್ಯಾಲೆಂಡರ್ ಹಾಕ್ತಾರಾ?’ ಸಚಿವರ ಪತ್ರಿಕಾಗೋಷ್ಠಿಗಳಲ್ಲಿ ಎಷ್ಟೋ ಪ್ರಶ್ನೆ ಕೇಳಿದವನು ನಾನು. ಅವರಂತೆಯೇ ‘ಪರಿಶೀಲಿಸೋಣ’ ಎಂದುಬಿಟ್ಟೆ. ಮುಂದಿನ ವರ್ಷ ನೋಡೋಣ ಎನ್ನುವಂತೆಯೂ ಇರಲಿಲ್ಲ. ಅತ್ತೆಯವರ ಕಣ್ಣಿಗೆ ಪೊರೆ ಬಂದಿತ್ತು. ‘ಸೂಜಿ ಹಿಡಿಯೋದು ಇದೇ ಕಡೇ ಬೇಸಿಗೆ. ಆ ಮಗುವಿನ ಜಡೆ ಒಂದು ಹಾಕಿಬಿಟ್ಟರೆ ನನ್ನ ಕೆಲಸ ಮುಗೀತು’ ಎಂದು ಆಗಲೇ ಹೇಳಿ ಕಳಿಸಿದ್ದರು.

ಶಾರದೆ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಮೈಸೂರಿಗೆ ಹೋಗಿದ್ದಳು. ಹೊರಡುವಾಗ, ‘ರೀ, ಜಡೆ ಹಾಕೋ ಭಾನುವಾರ ನಾನು ನೇರ ಅಮ್ಮನ ಮನೆಗೇ ಬರ್ತೀನಿ. ನೀವು ಇವಳನ್ನ ಕರಕೊಂಡು ಬಂದುಬಿಡಿ. ತಲೆ ಸಿಕ್ಕಾಗದ ಹಾಗೆ ನೋಡಿಕೊಳ್ಳಿ’ ಎಂದಿದ್ದಳು. ಕೊನೆಯ ವಾಕ್ಯವನ್ನು ನಾನು ಸ್ವಲ್ಪ ವಿಸ್ತಾರವಾಗಿ ಅರ್ಥ ಮಾಡಿಕೊಂಡೆ.

ಯಾವ ಸುದ್ದಿಗೂ ಎರಡು ಮೂಲ ಬೇಕು ಎನ್ನುವುದು ನಮ್ಮ ಕಚೇರಿಯ ನಿಯಮ. ಸಂಜೆ ತಾಲ್ಲೂಕುಗಳಿಂದ ಸುದ್ದಿ ಕೊಡಲು ಫೋನ್ ಮಾಡುವ ವರದಿಗಾರರನ್ನೇ ವಿಚಾರಿಸಿದೆ. ಅರಕಲಗೂಡಿನ ನಿಂಗೇಗೌಡ, ‘ಗುಂಗ್ರು ಕೂದ್ಲಾ ಸಾ? ಗೋರಂಟಿ ಅಚ್ಬುಡಿ. ಆ ಭಾರಕ್ಕೇ ನೆಟ್ಟಗಾಯ್ತದೆ. ನಮ್ ತ್ವಾಟದ್ ಬೇಲೀಲೇ ಬೇಕಾದಂಗೈತೆ, ಬಸ್ಸಲ್ಲಿ ಆಕಿ ಕಳುಸ್ತೀನಿ. ಕಬ್ಬಿಣದ್ ಬಾಣ್ಲೇಲಿ ನೆನಸಿ ಸಾ, ನಿಂಬೆಹಣ್ಣು ಇಂಡೋದ್ ಮರೀಬ್ಯಾಡಿ’ ಎಂದ. ಚನ್ನರಾಯಪಟ್ಟಣದ ಬಸವರಾಜು ಸಿಡಿದುಬಿದ್ದ. ‘ನಿಂಬೆಹಣ್ಣಾ? ಯಾವನ್ ಸಾ ಅಂಗಂದೋನು? ಮಗೀನ್ ಕೂದ್ಲು ಪೊರಕೆ ಆಗೋಯ್ತದೆ! ಉಳಿ ಮೊಸರು ಆಕಿ ಸಾ, ಮೊಸರು.’ ಎರಡು ತಾಲ್ಲೂಕುಗಳು ಒಂದು ವಿಷಯದಲ್ಲಿ ಒಪ್ಪಿದ್ದನ್ನು ನಾನಂತೂ ಕಂಡಿಲ್ಲ. ಎರಡೂ ಕಡೆಯವರಿಗೆ ಸಮಾನ ಸ್ಥಳ ಕೊಡುವುದು ಪತ್ರಿಕಾಧರ್ಮವಾದ್ದರಿಂದ ಅರ್ಧ ಹೋಳು ನಿಂಬೆ ಹಿಂಡಿ, ಅರ್ಧ ಬಟ್ಟಲು ಮೊಸರು ಸುರಿದೆ. ಮಾರನೆಯ ಬೆಳಿಗ್ಗೆ ಬಾಣಲೆಯ ಮುಚ್ಚಳ ತೆಗೆದಾಗ ಬಂದ ವಾಸನೆಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು.

ಪರಿಶೀಲಿಸದೆ ಏನನ್ನೂ ಪ್ರಕಟಿಸಬಾರದು. ಅದೇ ಬೇರಿನಿಂದ ಬಂದ ಕೂದಲು ನನ್ನ ತಲೆಯ ಮೇಲೇ ಇರುವಾಗ ಮಗುವಿನ ಮೇಲೆ ಪ್ರಯೋಗ ಮಾಡುವುದು ತರವಲ್ಲ ಎಂದು ಮೊದಲು ನಾನೇ ಹಚ್ಚಿಕೊಂಡೆ. ತಲೆಗೆ ಹಾಲಿನ ಕವರು ಕಟ್ಟಿಕೊಂಡು ಕೂತಿದ್ದಾಗ ಗಂಟಲಲ್ಲಿ ತಣ್ಣಗೆ ಏನೋ ಇಳಿದು ಸೀನು ಶುರುವಾಯಿತು. ತೊಳೆದು ಕನ್ನಡಿ ನೋಡಿದೆ. ಗುಂಗುರು ಹಾಗೇ ಇತ್ತು, ಗಿಡ್ಡ ಕೂದಲಿಗೆ ಭಾರ ಸಾಲದೇನೋ ಎಂದುಕೊಂಡೆ. ಕಪ್ಪು ಕೂದಲು ಕಪ್ಪಾಗಿಯೇ ಇತ್ತು. ಆದರೆ ಕಿವಿಯ ಮೇಲೆ, ಹಣೆಯ ಅಂಚಿನಲ್ಲಿ, ನೆತ್ತಿಯಲ್ಲಿ, ಇಷ್ಟು ನರೆತಿದೆ ಎಂದು ನನಗೇ ತಿಳಿಯದಿದ್ದ ಕಡೆಗಳಲ್ಲೆಲ್ಲ ಹೊಸ ಮಂಗಳೂರು ಹೆಂಚಿನ ಬಣ್ಣ. ಜಿಲ್ಲಾ ಪಂಚಾಯಿತಿ ಸಭೆಯಲ್ಲಿ ಸದಸ್ಯರೊಬ್ಬರು ಕುಡಿಯುವ ನೀರಿನ ಮಾತನ್ನು ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ನೋಡುತ್ತಾ ನಿಂತರು. ನಾನು ಪೆನ್ನು ಕೆಳಗಿಡಲಿಲ್ಲ.

ಮಾಲಿನಿಗೆ ನರೆಯಿಲ್ಲ, ಆದ್ದರಿಂದ ಕೆಂಪಾಗುವುದಿಲ್ಲ ಎಂದು ತರ್ಕಿಸಿದೆ. ತರ್ಕ ಸರಿಯಾಗಿತ್ತು. ಶನಿವಾರ ಹಚ್ಚಿದೆ. ‘ಅಪ್ಪಾ, ನಂದೂ ನಿಮ್ಮ ಥರಾನೇ ಆದ್ರೆ?’ ಎಂದಳು. ‘ಆಗಲ್ಲ ಪುಟ್ಟಿ’ ಎಂದೆ. ‘ಯಾರು ಹೇಳಿದ್ದು?’ ಎಂದು ಕೇಳಿದಳು. ಅದು ನಾನೇ ಕಲಿಸಿದ ಪ್ರಶ್ನೆ. ಒಂದೊಂದು ಗಳಿಗೆಗೂ ಕವರು ಸರಿಸಿ ಬೆರಳಿನಿಂದ ಕೆದಕಿ ನೋಡಿದೆ. ನಲ್ಲಿಯಲ್ಲಿ ನೀರು ನಿಂತಿತ್ತು. ಹಂಡೆ ಬರಿದಾಯಿತು, ಬಿಂದಿಗೆಗಳು ಬರಿದಾದವು, ಸೊಪ್ಪಿನ ಚೂರುಗಳು ಮಾತ್ರ ಒಂದೊಂದು ಗುಂಗುರಿನ ಸುರುಳಿಯಲ್ಲೂ ಮನೆ ಮಾಡಿ ಕೂತಿದ್ದವು. ಒದ್ದೆಯಾಗಿದ್ದಷ್ಟು ಹೊತ್ತು ಕೂದಲು ನೆಟ್ಟಗೇ ಇತ್ತು. ಅಪ್ಪ ಮಗಳು ಇಬ್ಬರೂ ಕನ್ನಡಿ ಹಿಡಿದು ನೋಡುತ್ತಿದ್ದೆವು. ಬಿಸಿಲಿಗೆ ಒಣಗಿದಂತೆ ಒಂದು ಎಳೆ ಸುರುಳಿ ಸುತ್ತಿತು, ಅದನ್ನು ನೋಡಿ ಇನ್ನೊಂದು, ಆಮೇಲೆ ಎಲ್ಲವೂ. ಹಳೆಯ ಜಾಗಕ್ಕೇ ಬಂದು ಕೂತ ಕೂದಲಿನ ಮೇಲೆ ಈಗ ಹೊಸದಾಗಿ ಒಂದು ತಾಮ್ರದ ಹೊಳಪು. ಅವಳು ಅಳಲಿಲ್ಲ. ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಅತ್ತಿದ್ದರೆ ವಾಸಿಯಿತ್ತು.

ಭಾನುವಾರದ ಬಸ್ಸಿನಲ್ಲಿ ಅವಳು ತಲೆಗೆ ಅಮ್ಮನ ವೇಲು ಸುತ್ತಿಕೊಂಡಿದ್ದಳು, ನಾನು ಪೇಪರು ಹಿಡಿದುಕೊಂಡಿದ್ದೆ. ಹೊಳೆನರಸೀಪುರ ತಲುಪುವವರೆಗೆ ಒಂದು ಸಾಲೂ ಓದಲಿಲ್ಲ. ಬಾಗಿಲಲ್ಲಿ ಶಾರದೆ ನನ್ನ ತಲೆ ನೋಡಿ, ‘ಏನ್ರೀ ಇದು?’ ಎಂದು ಅಲ್ಲೇ ನಿಂತುಬಿಟ್ಟಳು. ಅತ್ತೆ ಮೊಮ್ಮಗಳ ವೇಲು ಬಿಚ್ಚಿ, ಕೂದಲನ್ನು ಮೂಗಿನ ಹತ್ತಿರ ಹಿಡಿದು, ಸೊಪ್ಪಿನ ಚೂರೊಂದನ್ನು ಎತ್ತಿ ಬೆಳಕಿಗೆ ಹಿಡಿದರು. ನಾನು ನಡೆದದ್ದನ್ನೆಲ್ಲ ಕ್ರಮವಾಗಿ ವರದಿ ಒಪ್ಪಿಸಿದೆ.

‘ಅಲ್ಲಾ, ಅರಕಲಗೂಡಿಗೆ ಕೇಳಿದ್ರಿ, ಚನ್ನರಾಯಪಟ್ಟಣಕ್ಕೆ ಕೇಳಿದ್ರಿ. ಜಡೆ ಹಾಕೋಳು ನಾನು ಇಲ್ಲೇ ಕೂತಿದ್ನಲ್ಲ, ನನ್ನ ಒಂದು ಮಾತು ಕೇಳಬಾರದಾಗಿತ್ತೇ?’ ಎಂದರು ಅತ್ತೆ. ಮರದ ಪೆಟ್ಟಿಗೆಯಿಂದ ಹಾವಿನಂತೆ ಸುತ್ತಿಟ್ಟಿದ್ದ, ಜಡೆಗೆ ಸೇರಿಸುವ ಉದ್ದನೆಯ ಚೌರಿಯೊಂದನ್ನು ತೆಗೆದರು. ‘ಮೊಗ್ಗು ಹೊಲಿದ ಮೇಲೆ ಕೂದಲು ಯಾರಿಗೆ ಕಾಣುತ್ತೆ? ಗುಂಗುರಿದ್ದರೆ ಚೌರಿ ಜಾರೋದಿಲ್ಲ, ಇನ್ನೂ ಒಳ್ಳೇದೇ ಆಯ್ತು. ನಿಮ್ಮ ಹೆಂಡತಿ ಫೋಟೋ ನೋಡಿದ್ದೀರಲ್ಲ, ಅದರಲ್ಲಿ ಮುಕ್ಕಾಲು ಜಡೆ ಇದೇ.’

ಶಾರದೆ ಕಾಫಿ ತರುವ ನೆಪದಲ್ಲಿ ಒಳಗೆ ಹೋದಳು. ಸಂಬಂಧಪಟ್ಟವರ ಹೇಳಿಕೆ ಇಲ್ಲದ ಸುದ್ದಿಯನ್ನು ಎಷ್ಟೋ ಸಲ ಕಸದ ಬುಟ್ಟಿಗೆ ಹಾಕಿದ್ದ ನಾನು, ಸ್ಟೂಲಿನ ಕೆಳಗಿನವರೆಗೂ ಇಳಿದ ಆ ಜಡೆಯನ್ನು ಗೋಡೆಯ ಮೇಲೆ ಇನ್ನೊಮ್ಮೆ ನೋಡಿದೆ.

ಅತ್ತೆ ಬಾಳೆಪಟ್ಟೆಯ ಮೇಲೆ ಮೊಗ್ಗು ಹೊಲಿದರು. ದಾರ ಪೋಣಿಸಿಕೊಟ್ಟದ್ದು ಮಾಲಿನಿಯೇ. ಇಳಿಹೊತ್ತಿಗೆ ಸ್ಟುಡಿಯೋದಲ್ಲಿ ಕನ್ನಡಿಗೆ ಬೆನ್ನು ಕೊಟ್ಟು ಕೂತ ಅವಳ ಜಡೆ ಸ್ಟೂಲು ದಾಟಿ ನೆಲ ಮುಟ್ಟುವಂತಿತ್ತು. ಫೋಟೋ ತೊಳೆಸಿ ತಂದು ನೋಡಿದರೆ ಮಗಳು ಹಲ್ಲು ಕಾಣುವಂತೆ ನಗುತ್ತಿದ್ದಾಳೆ, ಹಿಂದೆ ಕನ್ನಡಿಯಲ್ಲಿ ಬೆಳ್ಳನೆಯ ಜಡೆ, ಜಡೆಯ ಪಕ್ಕದಲ್ಲಿ ಒಂದು ಹೆಂಚಿನ ಬಣ್ಣದ ತಲೆ. ಮೊಗ್ಗು ಉದುರೀತೆಂದು ಕ್ಯಾಮೆರಾದ ಪಕ್ಕದಲ್ಲಿ ಬಾಯಿ ತೆರೆದು ನಿಂತಿದ್ದವನು ನಾನು. ಆ ಮೂಲೆಯನ್ನು ಕತ್ತರಿಸಿ ಕಟ್ಟು ಹಾಕಿಸೋಣ ಎಂದೆ. ಅತ್ತೆ ಒಪ್ಪಲಿಲ್ಲ. ‘ಇರಲಿ ಬಿಡಿ. ಮಗೂಗೆ ಈ ಗುಂಗುರು ಯಾರ ಕಡೆಯಿಂದ ಬಂತು ಅಂತ ಬಂದೋರೆಲ್ಲ ಕೇಳ್ತಾರೆ. ನನಗೆ ಬಾಯಿ ನೋವು ತಪ್ಪುತ್ತೆ.’

ಅದು ಇಂದಿಗೂ ಆ ಮೊಳೆಗೇ ತೂಗುತ್ತಿದೆ. ತಣ್ಣನೆಯ ಮನುಷ್ಯನ ಬಗ್ಗೆ ಈವರೆಗೆ ಪ್ರಕಟವಾಗಿರುವ ಸಚಿತ್ರ ವರದಿ ಅದೊಂದೇ. ವಿವರಗಳೆಲ್ಲ ಸರಿಯಾಗಿರುವುದರಿಂದ ಸ್ಪಷ್ಟನೆ ಕೊಡಲು ನನ್ನ ಬಳಿ ಏನೂ ಇಲ್ಲ.