ಒಂಬತ್ತು ಚೌಕದ ಸೀರೆ

ದುಮ್ಮವಾಡದ ಟೇಲರ್ ಕುಬೇರಪ್ಪ ಆ ದಿನ ಬೆಳಿಗ್ಗೆ ಚಹಾ ಕುಡಿದು ತೆಪ್ಪಗೆ ಅಂಗಡಿಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅವನು ಬಶಿ ಕೆಳಗಿಟ್ಟು, ಹೆಂಡತಿ ಗೌರಕ್ಕನ ತೊಡೆಯ ಮೇಲಿದ್ದ, ಹಳೆ ಬಟ್ಟೆಯ ಚೌಕಗಳ ಅರೆಬರೆ ಕೌದಿಯನ್ನು ನೋಡಿ ನಕ್ಕುಬಿಟ್ಟ.

"ಎರಡು ತಿಂಗಳಾತು, ಇನ್ನೂ ಮೂರ ಸಾಲು ಆಗ್ಯಾವು. ಮೊಮ್ಮಗಾ ಸಾಲಿಗೆ ಹೋಗೂದ್ರಾಗರ ಮುಗಿತೈತೇನು?"

ಗೌರಕ್ಕನ ಕಣ್ಣಲ್ಲಿ ಮೊದಲೇ ನೀರಿತ್ತು. ಮಗಳು ಅಮೃತಾಳ ಬಾಣಂತನ ಮುಗಿದು, ತಾಯಿ-ಮಗುವನ್ನು ಕರೆದೊಯ್ಯಲು ಅಣ್ಣಿಗೇರಿಯಿಂದ ಬೀಗರು ಅದೇ ಸಂಜೆ ಐದಕ್ಕೆ ಬರುವವರಿದ್ದರು. ತವರಿನ ಕೌದಿಯಿಲ್ಲದೆ ಕೂಸನ್ನು ಕಳಿಸಿದರೆ ಬೀಗತಿ ಅನ್ನಪೂರ್ಣಕ್ಕ ಬಿಡುವವಳಲ್ಲ. ಮದುವೆಯ ಊಟದಲ್ಲಿ ಸಾರಿಗೆ ಉಪ್ಪು ಕಡಿಮೆಯಾಗಿದ್ದನ್ನು ಆಕೆ ಎರಡು ವರ್ಷವಾದರೂ ಮರೆತಿರಲಿಲ್ಲ. ಕೌದಿಯ ವಿಷಯದಲ್ಲಿ ಮರೆಯುತ್ತಾಳೆಯೇ? ಅದನ್ನು ದಿನಾ ಕೇಳಬೇಕಾದವಳು ಅಮೃತಾ.

ಗೌರಕ್ಕನಿಗೆ ಅವಸರ ಎಂಬುದೇ ಗೊತ್ತಿಲ್ಲ. ಒಂದೊಂದೇ ಚೌಕ ಕತ್ತರಿಸಬೇಕು. ಇದು ಅತ್ತೆಯ ಇಲಕಲ್ ಸೀರೆಯದು, ಇದು ಅಮೃತಾಳ ಮೊದಲ ಲಂಗದ್ದು ಎಂದು ಕಣ್ಣಿಗೊತ್ತಿಕೊಳ್ಳಬೇಕು. ಆಮೇಲೆ ಸೂಜಿ ಹಿಡಿಯಬೇಕು. ಅಷ್ಟರಲ್ಲಿ ಕೂಸು ಅಳುತ್ತದೆ.

"ಸರಿ ಆ ಕಡೆ," ಎಂದ ಕುಬೇರಪ್ಪ. "ಮಧ್ಯಾಹ್ನದಾಗ ಬ್ಯಾರೇ ಕೌದೀನ ಮಾಡಿ ಕೊಡ್ತೀನಿ. ಮೊಬೈಲ್‌ನ್ಯಾಗ ನೋಡೀನಿ. ಚೌಕಾ ಕತ್ತರಿಸೂದು ಬ್ಯಾಡ. ಉದ್ದುದ್ದ ಪಟ್ಟಿ ಹರೀಬೇಕು, ಪಟ್ಟಿಗೆ ಪಟ್ಟಿ ಹಚ್ಚಿ ಮಶೀನ್ ಮ್ಯಾಲ ಹೊಲೀಬೇಕು. ಆಮ್ಯಾಲ ಅಡ್ಡ ಕತ್ತರಿಸಿ, ಒಂದೊಂದು ಚೌಕ ಸರಿಸಿ ಮತ್ತ ಜೋಡಿಸೂದು. ಒಂಬತ್ತು ಪಟ್ಟಿ ಹರದ್ರ ಎಂಬತ್ತೊಂದು ಚೌಕ!"

"ಹೊಲದದ್ದನ್ನ ಕತ್ತರಿಸೂದಾ?" ಗೌರಕ್ಕ ಸೂಜಿ ಚುಚ್ಚಿಕೊಂಡಳು. "ಕೂಸಿನ ಕೌದಿಗೆ ಕತ್ತರಿ ಹಾಕಿದ್ರ ಊರಾಗ ಏನಂದಾರ್ರಿ?"

"ಊರಿನವರಿಗೆ ಏನು ಗೊತ್ತಾಗ್ತೈತಿ? ನೀ ಗಿರಣಿಗೆ ಹೋಗಿ ಬಾ."

ಹೋಳಿಗೆಗೆ ಹಿಟ್ಟು ಬೀಸಿಸುವುದಿತ್ತು. ಗೌರಕ್ಕ ಡಬ್ಬಿ ಎತ್ತಿಕೊಂಡು ಹೊಸ್ತಿಲ ಬಳಿ ತಿರುಗಿ, "ಅಟ್ಟದ ಮ್ಯಾಲ ಗಂಟಿನ್ಯಾಗ ಹಳೇ ಅರಿಬಿ ಅದಾವು. ನೋಡಿ ತಗೋರಿ ಮತ್ತ!" ಎಂದು ಹೇಳಿಯೇ ಹೋದಳು. ಆದರೆ ಕುಬೇರಪ್ಪನ ತಲೆ ಆಗಲೇ ಅಟ್ಟದಲ್ಲಿತ್ತು.

ಗಂಟು ಬಿಚ್ಚಿ, ಬಣ್ಣ ನೋಡಿ ಒಂಬತ್ತು ಬಟ್ಟೆ ಆರಿಸಿದ. ಅದರಲ್ಲಿ ಒಂದು ಸಾಸಿವೆ ಹಳದಿಯ ಮೇಲೆ ನೇರಳೆ ಹೂವಿನ ಸೀರೆ. ಎಲ್ಲೂ ಹರಿದಿಲ್ಲ, ಅಂಗಡಿಯ ಮಡಿಕೆ ಕೂಡ ಮುರಿದಿಲ್ಲ. ಇದು ಹಳೆಯ ಗಂಟಿಗೆ ಯಾಕೆ ಬಂತು ಎಂದು ಒಂದು ಗಳಿಗೆ ಯೋಚಿಸಿದ. ಹೆಂಗಸರ ಮನಸ್ಸು ಯಾರಿಗೆ ತಿಳಿದೀತು ಎಂದುಕೊಂಡು ಪರ್ರನೆ ಹರಿದ. ಬಣ್ಣ ಎದ್ದು ಕಾಣುತ್ತದೆಂದು ಅದನ್ನೇ ನಟ್ಟನಡುವಿನ ಪಟ್ಟಿ ಮಾಡಿದ. ಉಳಿದ ಬಟ್ಟೆಯಷ್ಟನ್ನೂ ಕೌದಿಯ ಒಳಗೆ ಹಾಸಲು ತೆಗೆದಿಟ್ಟ.

ಹನ್ನೊಂದಕ್ಕೆಲ್ಲ ಒಂಬತ್ತು ಪಟ್ಟಿಗಳು ಸೇರಿ ಹಾಸಿನಂತೆ ಹರಡಿಕೊಂಡವು. ಎದುರು ಮನೆಯ ಬಸಕ್ಕ ಮೊಸರು ಕೇಳುವ ನೆಪದಲ್ಲಿ ಒಳಗೆ ಬಂದು ಬಾಯಿ ತೆರೆದಳು.

"ಅಯ್ಯ, ಕೌದಿ ಮುಗದಽ ಬಿಡ್ತಲ್ಲೋ ಕುಬೇರಣ್ಣಾ! ಎಷ್ಟು ಚಂದ ಪಟ್ಟಾಪಟ್ಟಿ! ತಡಿ, ನಮ್ಮ ನೆಗೆಣ್ಣೀನ್ನ ಕರಕೊಂಡು ಬರ್ತೀನಿ."

ಅವಳು ಆ ವಾರಗಿತ್ತಿಯನ್ನು ಕರೆದುಕೊಂಡು ಬರುವ ಹೊತ್ತಿಗೆ ಕುಬೇರಪ್ಪ ಮೊಣಕಾಲೂರಿ ಕೂತು, ಆ ಚಂದದ ಹಾಸಿನ ನಡುವೆ ಕತ್ತರಿ ಓಡಿಸುತ್ತಿದ್ದ.

ಬಸಕ್ಕ ಚೀರಿದ್ದು ಬಸ್ ಸ್ಟ್ಯಾಂಡಿನ ತನಕ ಕೇಳಿಸಿತು. "ಎವ್ವಾ! ಮೊಮ್ಮಗನ ಕೌದಿ ಕತ್ತರಿಸಾಕತ್ತಾನ! ಬರ್ರೆವ್ವಾ, ಹಿಡೀರಿ!"

ಐದು ನಿಮಿಷದಲ್ಲಿ ಪಡಸಾಲೆ ತುಂಬಿತು. ಬಾಜು ಮನೆಯ ಶಂಕ್ರಪ್ಪಜ್ಜ ಕುಬೇರಪ್ಪನ ಕೈ ಹಿಡಿದು ಕತ್ತರಿ ಕಸಿದುಕೊಂಡ.

"ಲೇ ಕುಬೇರ, ಬೀಗರ ಮ್ಯಾಲಿನ ಸಿಟ್ಟು ಕೂಸಿನ ಕೌದಿ ಮ್ಯಾಲ ತೀರಿಸ್ತೀ ಏನಲೇ?"

"ಸಿಟ್ಟಲ್ರಿ ಅಜ್ಜಾ. ಹಿಂಗ ಕತ್ತರಿಸಿ ಮತ್ತ ಹೊಲೀಬೇಕು. ಟೈಮ್ ಉಳಿತೈತಿ."

"ಹೊಲದದ್ದನ್ನ ಕತ್ತರಿಸಿ ಮತ್ತ ಹೊಲದ್ರ ಟೈಮ್ ಉಳಿತೈತಿ?" ಶಂಕ್ರಪ್ಪಜ್ಜ ಸುತ್ತಲಿನವರ ಮುಖ ನೋಡಿದ. ಎಲ್ಲರೂ ಪಾಪ ಎಂಬಂತೆ ತಲೆ ಅಲ್ಲಾಡಿಸಿದರು. ಅಜ್ಜ ಕತ್ತರಿಯನ್ನು ಟವೆಲ್ಲಿನಲ್ಲಿ ಸುತ್ತಿ, ಪಕ್ಕದ ಕಟ್ಟೆಯ ಮೇಲಿಟ್ಟು, ಕಾವಲಿಗೆ ಅದರ ಮೇಲೆಯೇ ಕೂತುಬಿಟ್ಟ.

ಬಸಕ್ಕ ಆಗಲೇ ಫೋನು ಹಚ್ಚಿದ್ದಳು. ಅವಳ ತಂಗಿಯ ಮನೆ ಅಣ್ಣಿಗೇರಿಯಲ್ಲಿ ಅನ್ನಪೂರ್ಣಕ್ಕನ ಗೋಡೆಗೆ ಗೋಡೆ ಹೊಂದಿಕೊಂಡಿತ್ತು. ಇಲ್ಲಿಂದ "ಕೌದಿ ಕತ್ತರಿಸಾಕತ್ತಾನ" ಎಂದು ಹೊರಟ ಸುದ್ದಿ, ಆ ಗೋಡೆ ದಾಟುವಾಗ "ಸಂಬಂಧ ಕತ್ತರಿಸಿದ್ರಂತ, ಕೂಸಿನ್ನ ಕಳಸೂದಿಲ್ಲಂತ" ಎಂದಾಗಿತ್ತು. ಅನ್ನಪೂರ್ಣಕ್ಕ ಒಲೆಯ ಮೇಲಿನ ಅನ್ನ ಇಳಿಸಿ ಗಾಡಿ ಹತ್ತಿದಳು. ಅಮೃತಾಳಿಗೆ ಗಂಡನ ಫೋನು ಬಂದಾಗಲೇ ಮನೆಯವರಿಗೆ ಇದು ತಿಳಿದದ್ದು.

"ಅಪ್ಪಾ, ಅವರು ಹೊಂಟು ಬಿಟ್ಟಾರ!" ಅಮೃತಾ ಕೂಸನ್ನು ಎದೆಗವಚಿಕೊಂಡು ಓಡಿ ಬಂದಳು. "ಕೌದಿ ಎಲ್ಲೆಪ್ಪಾ?"

ಕೌದಿ ಎಲ್ಲಿ? ಅರ್ಧ ಕತ್ತರಿಸಿ ನೆಲದ ಮೇಲಿತ್ತು. ಕತ್ತರಿ ಶಂಕ್ರಪ್ಪಜ್ಜನ ಕೆಳಗಿತ್ತು. ಕುಬೇರಪ್ಪ ಅತ್ತಿತ್ತ ನೋಡಿದ. ಅಡಿಗೆಮನೆಗೆ ನುಗ್ಗಿ ಈಳಿಗೆ ತಂದು, ಕಾಲಿನಲ್ಲಿ ಒತ್ತಿ ಹಿಡಿದು, ಉಳಿದ ಹಾಸನ್ನು ಬದನೆಕಾಯಿ ಹೆಚ್ಚುವಂತೆ ಸೀಳತೊಡಗಿದ. ಹೆಂಗಸರು ಕಣ್ಣು ಮುಚ್ಚಿಕೊಂಡರು. ಬಸಕ್ಕನ ನೆಗೆಣ್ಣಿ, ಇವನಿಗೆ ದೆವ್ವ ಬಡಿದದ್ದೇ ಖರೆ ಎಂದು ಬೇವಿನ ಸೊಪ್ಪು ತರಲು ಓಡಿದಳು.

ಅವನು ಯಾರ ಮಾತಿಗೂ ಕಿವಿಗೊಡಲಿಲ್ಲ. ಒಂಬತ್ತು ಸಾಲು ಕತ್ತರಿಸಿದ. ಪ್ರತಿ ಸಾಲನ್ನೂ ಮೇಲಿನದಕ್ಕಿಂತ ಒಂದೊಂದು ಚೌಕ ಪಕ್ಕಕ್ಕೆ ಸರಿಸಿದ, ಆ ತುದಿಯಲ್ಲಿ ಹೆಚ್ಚಾದ ಚೌಕವನ್ನು ಬಿಚ್ಚಿ ಈ ತುದಿಗೆ ಹಚ್ಚಿದ. ಮಶೀನು ಕಟಕಟ ಓಡಿತು. ಒಳಗೆ ಹಳೆಯ ಬಟ್ಟೆ ಹಾಸಿ ಸುತ್ತ ಹೊಲಿಗೆ ಹಾಕಿ, ಎರಡೂವರೆಗೆ ಕೌದಿಯನ್ನು ಕೊಡವಿ ಹಗ್ಗದ ಮೇಲೆ ಹರವಿದ.

ಪಡಸಾಲೆಯ ಮಂದಿಯೆಲ್ಲ ಕೊರಳು ಚಾಚಿದರು. ಎಂಬತ್ತೊಂದು ಚೌಕ, ಕೆಂಪು, ಹಸಿರು, ನೀಲಿ ಎಲ್ಲ ಓರೆಯಾಗಿ ಮೆಟ್ಟಿಲು ಹತ್ತಿ ಹೋಗುತ್ತಿದ್ದವು.

"ಅಬಬಬ!" ಎಂದ ಶಂಕ್ರಪ್ಪಜ್ಜ, ಕೂತಲ್ಲಿಂದ ಏಳದೆ. "ಶ್ಯಾಣ್ಯಾ ಅದಿ ಬಿಡಲೇ."

ಕುಬೇರಪ್ಪ ಒಳಗೆ ಹೋಗಿ ಕೈಕಾಲು ತೊಳೆದು, ಬೀಗರೆದುರು ಉಡಲೆಂದು ಹುಬ್ಬಳ್ಳಿಯಿಂದ ತಂದಿದ್ದ ಹೊಸ ಧೋತರ ಉಟ್ಟು, ಎದೆ ಮುಂದೆ ಮಾಡಿಕೊಂಡು ಹೊರಗೆ ಬಂದ. ಗಿರಣಿಯ ಉದ್ದ ಪಾಳಿಯಲ್ಲಿ ಸಿಕ್ಕಿಕೊಂಡಿದ್ದ ಗೌರಕ್ಕ, ಸುದ್ದಿ ಕೇಳಿ, ಹಿಟ್ಟು ಬೀಸಿದ್ದೇ ತಡ ಓಡೋಡಿ ಬಂದು ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಅವಳು ಕೌದಿ ನೋಡಿದಳು. ಹಿಟ್ಟಿನ ಡಬ್ಬಿ ಕೈಯಿಂದ ಜಾರಿ ದಢಾರನೆ ಬಿತ್ತು.

"ಹೆಂಗೈತಿ?" ಎಂದ ಕುಬೇರಪ್ಪ ನಗುತ್ತ.

"ಆ ಹಳದಿ ಸೀರಿ…" ಗೌರಕ್ಕ ಬೆರಳು ಮಾಡಿ ತೋರಿಸಿದಳು. "ಅದು ಅನ್ನಪೂರ್ಣಕ್ಕಾರು ಅಮೃತಾ ಬಸರಿದ್ದಾಗ ಕುಬಸದಾಗ ನನಗ ಉಡಿಸಿದ್ದು! ಬಣ್ಣಾ ಸೇರಲಿಲ್ಲಂತ ಗಂಟಿಗೆ ಹಾಕಿದ್ದೆ. ನೋಡಿ ತಗೋರಿ ಅಂದಿದ್ನೆಲ್ರಿ!"

ಕುಬೇರಪ್ಪ ಹಗ್ಗದ ಕಡೆ ನೆಗೆದ. ಕೌದಿ ಎಳೆಯಲು ಕೈ ಚಾಚುವಷ್ಟರಲ್ಲಿ ಗಾಡಿಯ ಹಾರ್ನ್ ಕೇಳಿತು. ಅನ್ನಪೂರ್ಣಕ್ಕ ದೊಡ್ಡ ಚೀಲ ಹಿಡಿದು ಒಳಗೆ ಬಂದೇಬಿಟ್ಟಳು.

"ಕೌದಿ ಕತ್ತರಿಸಿದ್ರಂತ? ನನ್ನ ಮೊಮ್ಮಗಾ ಕೌದಿ ಇಲ್ಲದ ಬರಬಾರದಂತ ನಂದ ನಾ ತಂದೀನಿ…" ಎನ್ನುತ್ತಿದ್ದವಳು ಹಗ್ಗದ ಕಡೆ ನೋಡಿ ನಿಂತಳು. ಹತ್ತಿರ ಹೋದಳು. ಹಳದಿ ಚೌಕದ ಮೇಲೆ ಬೆರಳಿಟ್ಟಳು. ಬೆರಳು ಓರೆಯಾಗಿ ಮೇಲಿನಿಂದ ಕೆಳಗೆ ಇಳಿಯಿತು.

"ಒಂದು… ಎರಡು… ಮೂರು…"

ಬೆರಳು ಕೊನೆಯ ಸಾಲಿಗೆ ಮುಟ್ಟಿತು. ಅಮೃತಾ ಕೂಸಿನೊಡನೆ ಬಾಗಿಲ ಮರೆಗೆ ಸರಿದಳು.

"ಒಂಬತ್ತು. ಗೌರಕ್ಕಾರ, ನಾ ಕೊಟ್ಟ ಸೀರಿ ನಿಮಗ ಸೇರಲಿಲ್ಲೇನೋ ಅಂತ ಅನುಮಾನಿತ್ತು. ಆದ್ರ ಇಷ್ಟ ಸೇರಲಿಲ್ಲಂತ ಗೊತ್ತಿರಲಿಲ್ಲ."

ಇಂಥ ಹೊತ್ತಿನಲ್ಲಿಯೂ ಬಸಕ್ಕನ ಕೈ ಸುಮ್ಮನಿರಲಿಲ್ಲ. ಬೀಗತಿಯ ಚೀಲಕ್ಕೆ ಕೈ ಹಾಕಿ ಅಲ್ಲಿದ್ದ ಕೌದಿಯನ್ನು ಎಳೆದು ಹರವಿಯೇಬಿಟ್ಟಳು. "ನಿಮ್ಮದೂ ನೋಡೂಣು ಬಿಡ್ರಿ. ಎಷ್ಟು ಸಣ್ಣ ಹೊಲಿಗಿ!"

ಗೌರಕ್ಕನ ಕಣ್ಣು ಅದರ ಒಂದು ಮೂಲೆಗೆ ಹೋಗಿ ಅಲ್ಲೇ ನಿಂತಿತು. ಗುಲಾಬಿ ಬಣ್ಣ, ಬೆಳ್ಳಿ ಚುಕ್ಕೆ. ಮದುವೆಯಲ್ಲಿ ಬೀಗತಿಗೆ ಉಡಿಸಲೆಂದು ಮೂರು ಸಲ ಹುಬ್ಬಳ್ಳಿಗೆ ತಿರುಗಿ ಆರಿಸಿದ ಸೀರೆ!

"ಅನ್ನಪೂರ್ಣಕ್ಕಾರ, ಇದು…"

ಬೀಗತಿ ಗಡಬಡಿಸಿ ಆ ಮೂಲೆಯನ್ನು ಒಳಗೆ ಮಡಿಚಿದಳು. ಮುಖ ಕೆಂಪಾಗಿತ್ತು. "ಒಂದ ಒಂದು ಚೌಕ ಹಾಕೀನ್ರಿ. ಅದೂ ಮೂಲ್ಯಾಗ. ಮಡಿಚಿದ್ರ ಕಾಣೂದಽ ಇಲ್ಲ."

ಇಬ್ಬರು ಬೀಗತಿಯರೂ ಒಬ್ಬರನ್ನೊಬ್ಬರು ನೋಡಿದರು. ಗೌರಕ್ಕನ ತುಟಿ ಮೊದಲು ಅಲುಗಿತು. ಆಮೇಲೆ ಅನ್ನಪೂರ್ಣಕ್ಕನ ಹೊಟ್ಟೆ ಕುಲುಕಿತು. ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಮೃತಾಳ ಮುಖಕ್ಕೆ ಕಳೆ ಬಂತು. ಬದುಕಿದೆ ಎಂದು ಕುಬೇರಪ್ಪನೂ ನಕ್ಕ. ಅವನು ನಗಬಾರದಿತ್ತು.

"ತಪ್ಪಾಗಿದ್ದು ಸೀರಿ ಹಾಕಿದ್ದಲ್ರಿ," ಎಂದಳು ಅನ್ನಪೂರ್ಣಕ್ಕ ಅವನ ಕಡೆ ತಿರುಗಿ. "ಇಡೀ ಪಟ್ಟಿ ಹಾಕಿದ್ದು."

"ಹೌದ್ರಿ," ಎಂದಳು ಗೌರಕ್ಕ. "ನಾನಾಗಿದ್ರ ಒಂದ ಚೌಕ ಕತ್ತರಿಸಿ ಕಾಲಕಡೆ ಹಾಕ್ತಿದ್ದೆ. ಮಂದೀ ಮರ್ಯಾದಿ ಉಳೀತಿತ್ತು. ಇವರು ಮಶೀನ್ ಹಚ್ಚಿ ಊರಿಗೇ ಸಾರಿದ್ರು."

"ಒಂಬತ್ತೂ ಬಿಚ್ಚಲಿ. ಅಲ್ಲಿ ಬ್ಯಾರೇ ಚೌಕ ಹಾಕಲಿ. ಅದು ಮುಗಿಯೂತನಕಾ ನಾವು ಇಲ್ಲೇ ಇರ್ತೀವಿ. ಹೆಂಗೂ ಹೋಳಿಗಿ ಮಾಡ್ತೀರಲ್ಲ?"

"ಬಿಚ್ಚಬಹುದ್ರಿ," ಎಂದು ತೊದಲಿದ ಕುಬೇರಪ್ಪ. "ಆದ್ರ ಗಂಟಿನ್ಯಾಗ ಒಂದು ಚೂರೂ ಅರಿಬಿ ಉಳಿದಿಲ್ಲ. ಚೌಕಾ ಎಲ್ಲಿಂದ ತರ್ಲಿ?"

ಬೀಗತಿಯರಿಬ್ಬರ ಕಣ್ಣೂ ಒಟ್ಟಿಗೇ ಕೆಳಗಿಳಿದು, ಅವನ ಹೊಸ ಧೋತರದ ಮೇಲೆ ನಿಂತವು. ಸಂಬಂಧ ಬೆಳೆಸಿ ಎರಡು ವರ್ಷದಲ್ಲಿ ಅವರಿಬ್ಬರ ಮನಸ್ಸು ಒಂದಾದದ್ದು ಅದೇ ಮೊದಲು.

"ಅಜ್ಜಾರ, ಏಳ್ರಿ," ಎಂದಳು ಅನ್ನಪೂರ್ಣಕ್ಕ. "ಆ ಕತ್ತರಿ ಬೀಗರ ಕೈಯಾಗ ಕೊಡ್ರಿ."

ಶಂಕ್ರಪ್ಪಜ್ಜ ಎದ್ದು, ಟವೆಲ್ ಬಿಚ್ಚಿ, ಎರಡೂ ಕೈಯಿಂದ ಕತ್ತರಿ ಕೊಟ್ಟ. ಕುಬೇರಪ್ಪ ಲುಂಗಿ ಸುತ್ತಿಕೊಂಡು, ಬಿಚ್ಚಿದ ಧೋತರ ಹಿಡಿದು ಬಂದು ನೆಲದ ಮೇಲೆ ಕೂತ. ಬಾಜು ಗೌರಕ್ಕ ಅಳತೆಗೆಂದು ತನ್ನ ಅರೆಬರೆ ಕೌದಿಯ ಒಂದು ಚೌಕ ಇಟ್ಟಳು.

"ಒಂದೊಂದ ಕತ್ತರಿಸ್ರಿ," ಎಂದಳು. "ಅವಸರ ಇಲ್ಲ."